ಬಾಗಿಲ ಮೇಲೆ ಉಳಿದ ‘ಬಾ’

ನಮ್ಮ ಬೀದಿಯ ಇಸ್ತ್ರಿಯವನು ಬೆಳಿಗ್ಗೆ ಪೆಟ್ಟಿಗೆಯ ಇದ್ದಿಲು ಊದಿ ಕೆಂಪಗೆ ಮಾಡುತ್ತಾನೆ. ಆ ವಾಸನೆ ಕಿಟಕಿಯಿಂದ ಒಳಗೆ ಬಂದರೆ ಸಾಕು, ಕೈಯಲ್ಲಿರುವ ಕಾಫಿ ಲೋಟವನ್ನು ಈಗಲೂ ಕೆಳಗಿಟ್ಟುಬಿಡುತ್ತೇನೆ. ಮತ್ತೆ ಆ ಬಸ್ಸಿನೊಳಗೆ ಕೂತಿರುತ್ತೇನೆ...

ಆಗ ಯುದ್ಧದ ಕಾಲ. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಮೈಸೂರಿನಲ್ಲಿ ಬಿ.ಎ. ಮುಗಿಸಿದ ನಾನು ಮಧುಗಿರಿಯ ಮನೆಯಿಂದ ಕೊರಟಗೆರೆಯ ಹೆಣ್ಣುಮಕ್ಕಳ ಶಾಲೆಗೆ ಪಾಠ ಹೇಳಲು ಅದರಲ್ಲೇ ಹೋಗುತ್ತಿದ್ದೆ. ಒಂದು ದಿನ ಕೆರೆ ಏರಿಯ ದಿಬ್ಬ ಹತ್ತುವಾಗ ಎಂಜಿನ್ ಉಸಿರುಕಟ್ಟಿ ನಿಂತಿತು. ಬಸ್ಸು ಹಿಂದಕ್ಕೆ ಜಾರಿ, ಹಿಂದಿನ ಒಂದು ಚಕ್ರ ನೀರಿನ ಮೇಲೆ ನೇತಾಡಿತು. ಉಸಿರು ಬಿಗಿಹಿಡಿದು ಒಬ್ಬೊಬ್ಬರಾಗಿ ಮುಂಬಾಗಿಲಿಂದ ಇಳಿದೆವು. ಪಕ್ಕದಲ್ಲಿ ಎದುರುಮನೆಯ ಅಜ್ಜಿ ಇದ್ದರು. ಮಗಳ ಮನೆಗೆ ಹೊರಟಿದ್ದವರು.

ಯಾರಿಗೂ ಏನೂ ಆಗಲಿಲ್ಲ. ಆದರೆ ಮರುದಿನ ಬೀದಿಗೆ ಬಂದ ಬಸ್ಸಿನ ಹೊಗೆಯ ವಾಸನೆಗೇ ಎದೆ ಹೊಡೆದುಕೊಂಡು, ಅಂಗೈ ಬೆವರಿ, ಹೊಸಿಲು ದಾಟಲಾಗಲಿಲ್ಲ. ನಾಳೆ ಹೋಗುತ್ತೇನೆ ಎಂದೆ. ಅದರ ಮರುದಿನವೂ ಅದನ್ನೇ ಎಂದೆ. ಇದು ಯಾವುದೋ ಗಾಳಿಯೇ ಸರಿ ಎಂದು ಅಮ್ಮ ಒಲೆಯ ಇದ್ದಿಲಿನಿಂದ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಬಂದ ಕೆಟ್ಟದ್ದು ಅದನ್ನು ಓದಿಕೊಂಡು ದಿನವೂ ಹಿಂದಿರುಗುತ್ತದೆಂಬ ನಂಬಿಕೆ. ಸೋಮವಾರ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆಂದು ಶಾಲೆಯವರು ಹೇಳಿಕಳಿಸಿದರು. ಅಪ್ಪನಿಗೂ ಕೆಲಸ ಬಿಡಿಸುವ ಮನಸ್ಸಿತ್ತು.

ಆ ಸೋಮವಾರ ಹಣೆತುಂಬ ವಿಭೂತಿ ಹಚ್ಚಿಕೊಂಡು ಅಜ್ಜಿ ಬಂದರು. ಅವರಿಗೆ ಓದು ಬಾರದು.

“ಇದೇನಮ್ಮ ಬಾಗ್ಲಿಗೆ ಮಸಿ?”

ಓದಿ ಹೇಳಿದೆ.

“ನೀನೂ ದಿನಾ ಅದ್ನೇ ಅಂತೀಯಲ್ಲ. ನಾಳೆ ಬಾ ಅಂದ್ರೆ ಅದು ನಾಳೀಕೂ ಬತ್ತದೆ ಕಣಮ್ಮ. ಇದ್ರಾಗೆ ನಾಳೆ ಅನ್ನೋದು ಯಾವ್ದು, ತೋರ್ಸು.”

ಬೆರಳಿಟ್ಟು ತೋರಿಸಿದೆ. ಅಜ್ಜಿ ಸೆರಗಿನ ತುದಿ ತೇವ ಮಾಡಿಕೊಂಡು ಅಷ್ಟನ್ನು ಉಜ್ಜಿದರು. ‘ಬಾ’ ಮಾತ್ರ ಉಳಿಯಿತು. ಅಮ್ಮ ಹೌಹಾರಿದರು.

“ಅಯ್ಯೋ, ಕರೆದೇಬುಟ್ರಲ್ಲ ಅಜ್ಜಿ.”

“ಬರ್ಲಿ ಬುಡು. ಅದ್ರ ಮಕಾನೂ ನೋಡೇಬುಡಾನ.”

ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡು ಹೊರಟರು, ಇಬ್ಬರೂ ಬಸ್ಸು ಹತ್ತಿದೆವು. ಏರಿ ಕಾಣುತ್ತಲೇ ಎದೆ ಹೊಡೆದುಕೊಳ್ಳತೊಡಗಿತು.

“ಬಂತಾ?” ಎಂದರು ಅಜ್ಜಿ.

“ಬಂತು.”

“ಕೂತ್ಕಳ್ಲಿ. ಕಿಟಕಿ ಪಕ್ಕ ಮಾತ್ರ ಬುಟ್ಕೊಡಬ್ಯಾಡ.”

ನಗು ಬರಬೇಕಿತ್ತು, ಬರಲಿಲ್ಲ. ನನ್ನ ಮಣಿಕಟ್ಟು ಹಿಡಿದಿದ್ದ ಅವರ ಕೈ ನನ್ನದಕ್ಕಿಂತ ಹೆಚ್ಚು ನಡುಗುತ್ತಿತ್ತು. ಉಗುರು ಚರ್ಮಕ್ಕೆ ಇಳಿದಿತ್ತು. ಆದರೂ ಕಣ್ಣು ಮುಚ್ಚದೆ ನೀರನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಬಸ್ಸು ದಾಟಿತು. ಅಂದು ಬೋರ್ಡಿನ ಮೇಲೆ ನನ್ನ ಅಕ್ಷರಗಳೆಲ್ಲ ಸೊಟ್ಟ, ಬರೆದದ್ದಂತೂ ಬರೆದೆ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ಮಧುಗಿರಿಯ ನಮ್ಮ ಮನೆ ಕೊಂಡವರು ಬಾಗಿಲಿಗೆ ಬಣ್ಣ ಹೊಡೆಸಿದ್ದಾರಂತೆ... ದಿಗಿಲು ಮಾತ್ರ ಹೋಗಿಲ್ಲ. ಹೋಗೆಂದು ನಾನು ಬೇಡಿಕೊಂಡೂ ಇಲ್ಲ. ಈ ಬೆಳಿಗ್ಗೆಯೂ ಬಂತು. ನನ್ನ ಮಣಿಕಟ್ಟನ್ನು ನಾನೇ ಹಿಡಿದುಕೊಂಡೆ. ಅವರಷ್ಟು ಬಿಗಿಯಾಗಿ ಹಿಡಿಯಲು ನನಗೆ ಬರುವುದಿಲ್ಲ.

ಕಿಟಕಿ ಪಕ್ಕದ ಕುರ್ಚಿಯನ್ನಂತೂ ಬಿಟ್ಟುಕೊಡಲಿಲ್ಲ.