ಪೀಪಾಯಿ ಕಟ್ಟುವವರ ವಂಶಾವಳಿ

೧೯೫೭ರ ಡಿಸೆಂಬರ್, ಮೊದಲ ಶನಿವಾರ, ಬೆಳಿಗ್ಗೆ ಏಳು ಗಂಟೆ. ಪಂಜದ ದಾರಿಯ ರಬ್ಬರ್ ತೋಟದ ಕಚೇರಿಯಲ್ಲಿ ಇದ್ದವರು ಮೂವರು: ತೋಟದ ಇಂಗ್ಲಿಷ್ ದೊರೆ, ಚಹಾ ತಂದ ಬ್ಯಾರಿ ಅಡುಗೆಯವರು, ಬೆರಳಚ್ಚು ಗುಮಾಸ್ತನಾದ ನಾನು. ಏಳು ಎಂದರೆ ಏಳೇ. ತಡವಾದರೆ ದೊರೆ ನನ್ನನ್ನಲ್ಲ, ಗೋಡೆ ಗಡಿಯಾರವನ್ನು ನೋಡುತ್ತಿದ್ದರು. ಈಗಲೂ ಏಳು ಹೊಡೆದಾಗ ನನ್ನ ಬೆನ್ನು ನೆಟ್ಟಗಾಗುತ್ತದೆ.

ಇಂಗ್ಲೆಂಡಿನಿಂದ ದೊರೆಯ ತಂಗಿ ಕಾಗದ ಬರೆದಿದ್ದರು. ಮನೆತನದ ಚರಿತ್ರೆ ಬರೆಯುತ್ತಿದ್ದಾರೆ. ಅಣ್ಣ ವಂಶಾವಳಿಯನ್ನು ಬೆರಳಚ್ಚು ಮಾಡಿಸಿ ಕಳಿಸಬೇಕು. ಅವರ ಕುಲನಾಮಕ್ಕೆ ಪೀಪಾಯಿ ಕಟ್ಟುವವನು ಎಂದು ಅರ್ಥವಂತೆ. ಮೂಲಪುರುಷ ಮರದ ಹಲಗೆ ಬಾಗಿಸಿ, ಕಬ್ಬಿಣದ ಪಟ್ಟಿ ಬಿಗಿದು ಬದುಕಿದವನು. ಮಕ್ಕಳು ಕಸುಬು ಬಿಟ್ಟರು, ಹೆಸರು ಬಿಡಲಿಲ್ಲ.

"ಎಂತ ಮಾರಾಯ್ರೆ," ಅಡುಗೆಯವರು ನನ್ನ ಕಿವಿಯಲ್ಲಿ ಹೇಳಿದರು, "ಇಷ್ಟು ಗತ್ತು ಮಾಡುದು ಪೀಪಾಯಿಯವರಾ? ನಮ್ಮಜ್ಜ ಒಣಮೀನು ಮಾರಿದ್ದನ್ನು ಇನ್ನು ಧೈರ್ಯದಲ್ಲಿ ಹೇಳಬಹುದು!"

ಮದುವೆಯಾಗದ ದೊರೆಯೇ ಆ ಹೆಸರಿನ ಕೊನೆಯ ಗಂಡಸು. ತಂಗಿಯ ಇಬ್ಬರು ಗಂಡುಮಕ್ಕಳಿಗೆ ಇದ್ದದ್ದು ಅವರ ತಂದೆಯ ಹೆಸರು. "ನನ್ನಲ್ಲಿಗೆ ಮುಗಿಯಿತು," ಎಂದು ಹೆಸರುಗಳ ಪಟ್ಟಿಯನ್ನು ನನ್ನ ಮುಂದಿಟ್ಟು ದೊರೆ ತೋಟ ಸುತ್ತಲು ಹೋದರು.

ಹನ್ನೊಂದಕ್ಕೆ ಬಂದು ಹಾಳೆ ನೋಡಿದವರು ಕನ್ನಡಕ ತೆಗೆದರು.

"ಇದೆಂತ? ನನಗೆ ಮಕ್ಕಳು ಉಂಟಾ?"

ತಂಗಿಯ ಮಕ್ಕಳಿಬ್ಬರನ್ನೂ ನಾನು ದೊರೆಯ ಕೆಳಗೇ ಗೆರೆ ಎಳೆದು ಸೇರಿಸಿಬಿಟ್ಟಿದ್ದೆ. ನಮ್ಮದು ಅಳಿಯಕಟ್ಟಿನ ತುಳು ಮನೆ. ಸೋದರಮಾವನ ನಂತರ ಮನೆತನ ಅವನ ಅಕ್ಕತಂಗಿಯರ ಮಕ್ಕಳದು. ನಾನೂ ಮಾವನ ಮನೆಯಲ್ಲೇ ಬೆಳೆದವನು. ಬೆರಳು ತನ್ನ ರೂಢಿಯಲ್ಲಿ ನಡೆದಿತ್ತು. ತಪ್ಪೊಪ್ಪಿ ಕಾರಣ ಹೇಳಿದೆ.

"ಮದುವೆಯಾಗದ ಮಾವನ ಮನೆ ನಿಮ್ಮಲ್ಲಿ ಮುಗಿಯುದಿಲ್ಲವಾ?"

"ತಂಗಿಗೆ ಮಕ್ಕಳಿರುವಾಗ ಎಂತಕ್ಕೆ ಮುಗಿಯುದು ದೊರೆಗಳೇ?" ಚಹಾ ಇಟ್ಟು ಹೊರಟಿದ್ದ ಅಡುಗೆಯವರೇ ಬಾಗಿಲಿನಿಂದ ಉತ್ತರ ಕೊಟ್ಟರು.

ದೊರೆ ಹಾಳೆಯನ್ನು ಮತ್ತೆ ಮೇಲಿಂದ ಕೆಳಗೆ ಓದಿದರು. ಅವರ ಚಹಾ ಆರಿದ್ದನ್ನು ನಾನು ಕಂಡದ್ದು ಅಂದು ಮಾತ್ರ.

"ಮತ್ತೆ ಹೊಡಿ. ಸರಿಯಾಗಿ."

ಹೊಡೆದೆ. ಅವರ ಹೆಸರಿನ ಕೆಳಗೆ ಬರೀ ಬಿಳಿ ಕಾಗದ. ಅದನ್ನು ತಂಗಿಯ ಲಕೋಟೆಗೆ ಹಾಕಿದರು. ತಪ್ಪಿದ ಹಾಳೆಯನ್ನು ಹರಿಯಲು ನಾನು ಕೈ ಚಾಚಿದರೆ ಕೊಡಲಿಲ್ಲ.

"ಇನ್ನೊಂದು ಲಕೋಟೆ. ದೊಡ್ಡ ಅಳಿಯನ ಹೆಸರಿಗೆ."

ಆ ತಪ್ಪಿದ ಹಾಳೆಯ ಅಂಚಿನಲ್ಲಿ ಎರಡು ಸಾಲು ಬರೆದು, ಲಕೋಟೆಗೆ ಹಾಕಿ ತಾವೇ ಅಂಟಿಸಿದರು.

ನಾಲ್ಕೂವರೆಯ ಪುತ್ತೂರು ಬಸ್ಸಿಗೆ ಟಪಾಲು ಚೀಲ ಕೊಟ್ಟು ಬಂದೆ. ಬೆರಳಚ್ಚು ಯಂತ್ರಕ್ಕೆ ಮುಚ್ಚಳ ಹಾಕಿ, ಕಚೇರಿಗೆ ಬೀಗ ಹಾಕಿದೆ.