ಯಾರಿಗೂ ಕಾಣದ ವೆಬ್‌ಸೈಟ್ ಮತ್ತು ನಮ್ಮ ಟೀಚರ್

ಟೀಚರ್ ಕಂಪ್ಯೂಟರಿನ ಪರದೆಯನ್ನು ಬೆರಳಿನಿಂದ ಮುಟ್ಟುತ್ತಿರಲಿಲ್ಲ. ಲೇಸು ಹೆಣೆಯುವ ಉಕ್ಕಿನ ಕ್ರೋಶಾ ಕಡ್ಡಿಯಿಂದ ಟಕ್ ಟಕ್ ಎಂದು ಕುಟ್ಟುತ್ತಿದ್ದರು. ಕುಟ್ಟಿ ಕುಟ್ಟಿ ಗಾಜಿನ ಮೇಲೆ ಸಣ್ಣ ಗೀರುಗಳಾಗಿದ್ದವು.

ಕಾಸರಗೋಡು ಕಡೆಯ ಮುಳ್ಳೇರಿಯ ಪೇಟೆಯಲ್ಲಿ ಟೈಲರ್ ಅಂಗಡಿಯ ಮಹಡಿಯ ಮೇಲೆ ಅವರ ಕಂಪ್ಯೂಟರ್ ಕ್ಲಾಸು. ಗಲ್ಫಿನ ಒಂದು ಕಂಪನಿಯ ವೆಬ್‌ಸೈಟ್ ನೋಡಿಕೊಂಡು ಬಹಳ ವರ್ಷ ಅಲ್ಲಿದ್ದು ಊರಿಗೆ ಮರಳಿದವರು. ಮನೆಯಲ್ಲಿ ಕೊಂಕಣಿ, ಕ್ಲಾಸಿನಲ್ಲಿ ಕನ್ನಡ, ಸಿಟ್ಟು ಬಂದರೆ ತುಳು. ನನ್ನ ಜೊತೆ ಅವರು ಹೆಚ್ಚಾಗಿ ತುಳುವೇ ಮಾತಾಡಿದ್ದು.

ನಾನು ಪೋಲಿಯೋ ಆದವರಿಗೆ, ಒಂದು ಕಾಲು ಗಿಡ್ಡ ಇರುವವರಿಗೆ ಅಳತೆಗೆ ತಕ್ಕಂತೆ ಶೂ ಮಾಡುವವನು. ಮಂಗಳೂರಿನಲ್ಲಿ ಕೆಲಸ ಕಲಿತು ಬಂದು ಕಾರಡ್ಕದಲ್ಲಿ ಮನೆಯ ಪಕ್ಕ ಶೆಡ್ ಹಾಕಿದೆ. ಬೇಕಾದವರು ನಮ್ಮ ಸುತ್ತಮುತ್ತಲೇ ಇದ್ದರು, ಆದರೆ ನನ್ನ ಶೆಡ್ ದಾಟಿ ಬಸ್ಸಿನಲ್ಲಿ ಮಂಗಳೂರಿಗೆ ಹೋಗುತ್ತಿದ್ದರು. ಇಲ್ಲಿ ಹೀಗೊಬ್ಬ ಇದ್ದಾನೆ ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ವೆಬ್‌ಸೈಟ್ ಮಾಡಿಸಿದೆ. ತಿಂಗಳುಗಳು ಕಳೆದರೂ ಒಂದು ಫೋನಿಲ್ಲ. ನೆಟ್‌ನಲ್ಲಿ ನಾನೇ ಹುಡುಕಿದರೂ ನನಗೇ ಸಿಗಲಿಲ್ಲ. ಹೀಗೇ ಆದರೆ ಶೆಡ್ ಮುಚ್ಚಿ ಬೇರೆ ಕೆಲಸ ನೋಡಬೇಕು ಎನ್ನುವ ಹಂತದಲ್ಲಿ ಟೀಚರ ಮೆಟ್ಟಿಲು ಹತ್ತಿದೆ.

ಸೈಟ್ ತೆರೆದವರೇ ಕಡ್ಡಿಯಿಂದ ಪರದೆಯ ತುದಿಗೆ ಕುಟ್ಟಿದರು. "ಪುಟದ ಹೆಸರು ಎಂತ ಇಟ್ಟಿದ್ದಾರೆ ನೋಡು. 'ಹೋಮ್'! ಪ್ರಪಂಚದಲ್ಲಿ ಎಷ್ಟು ಹೋಮ್ ಉಂಟು ಮಾರಾಯ?"

ಅಕ್ಷರಗಳೆಲ್ಲ ಚಂದದ ಚಿತ್ರಗಳ ಒಳಗೆ ಇದ್ದವು. ನೆಟ್‌ನಲ್ಲಿ ಹುಡುಕಿಕೊಡುವ ಯಂತ್ರ ಚಿತ್ರದೊಳಗಿನ ಅಕ್ಷರವನ್ನು ಓದುವುದಿಲ್ಲ, ಅದರ ಲೆಕ್ಕದಲ್ಲಿ ನಿನ್ನ ಸೈಟು ಖಾಲಿ ಗೋಡೆ ಎಂದರು. ಎಲ್ಲವನ್ನೂ ಮತ್ತೆ ಬರೆಯಲು ಕೂರಿಸಿದರು. 'ಆರ್ಥೋಪೆಡಿಕ್ ಪಾದರಕ್ಷೆಗಳ ತಯಾರಕರು' ಎಂದು ಬರೆದು ತೋರಿಸಿದೆ.

"ನಿನ್ನ ಹತ್ತಿರ ಬರಬೇಕಾದ ಅಮ್ಮಂದಿರು ಮನೆಯಲ್ಲಿ ಹೀಗೆ ಹೇಳ್ತಾರಾ?"

"ಇಲ್ಲ ಟೀಚರ್."

"ಮತ್ತೆ? ಅವರಿಗೆ ನಿನ್ನ ಹೆಸರು ಗೊತ್ತಿಲ್ಲ, ಅವರ ಕಷ್ಟ ಗೊತ್ತುಂಟು. ಅದನ್ನೇ ಬರಿ."

ಬರೆದೆ, ಅಳಿಸಿದರು. ಮತ್ತೆ ಬರೆದೆ. ಕಾಸರಗೋಡು ಎಂಬುದನ್ನೇ ಜನ ಇಂಗ್ಲಿಷಿನಲ್ಲಿ ಹಲವು ಬಗೆಯಲ್ಲಿ ಬರೆಯುತ್ತಾರೆ, ಮಲಯಾಳದಲ್ಲಿ ಹುಡುಕುವವರೂ ಇದ್ದಾರೆ, ಅವರಿಗೂ ಒಂದು ಪುಟ ಬೇಕೆಂದು ಹಟ ಹಿಡಿದರು. ಶೂ ಹೊಲಿಯಬೇಕಾದ ನಾನು ಮಹಡಿಯಲ್ಲಿ ಕುಳಿತು ಒಂದೇ ವಾಕ್ಯ ತಿದ್ದುತ್ತಿದ್ದೆ. ಇಷ್ಟಾದರೂ ಹುಡುಕಿದರೆ ಸೈಟ್ ಎಲ್ಲೋ ಹಿಂದಿನ ಪುಟಗಳಲ್ಲಿ ಬಿದ್ದುಕೊಂಡಿತ್ತು. "ಕಾಯಬೇಕು" ಎನ್ನುವುದೊಂದೇ ಟೀಚರ ಉತ್ತರ. ಕೇಳಿದಷ್ಟೂ ಮೈ ಉರಿಯುತ್ತಿತ್ತು.

ಆಗಲೇ ಒಬ್ಬ ಏಜೆಂಟ್ ಫೋನ್ ಮಾಡಿ ಮೊದಲ ಪುಟದಲ್ಲಿ ತರಿಸಿ ಕೊಡುತ್ತೇನೆ ಎಂದ. ಒಪ್ಪಿದೆ. ಅವನು ಮಾಡಿದ್ದು ಇಷ್ಟೆ: ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದಲ್ಲಿ, ಓದುವವರಿಗೆ ಕಾಣದಂತೆ, 'ಶೂ, ಶೂ, ಕಾಸರಗೋಡು ಶೂ' ಎಂದು ಪುಟದ ಕೆಳಗೆಲ್ಲ ತುಂಬಿಸಿದ. ಕೆಲವು ದಿನ ಸೈಟ್ ಮೇಲೆ ಬಂತು. ಆಮೇಲೆ ಪೂರ್ತಿ ಮಾಯ! ಹಿಂದಿನ ಪುಟಗಳಲ್ಲೂ ಇಲ್ಲ.

ಟೀಚರ್ ಆ ದಿನ ಬೈಯಲಿಲ್ಲ. ಕಡ್ಡಿ ಕೆಳಗಿಟ್ಟು ಹಣೆ ಒತ್ತಿಕೊಂಡರು. "ಮೋಸ ಮಾಡಿದವನೆಂದು ಹುಡುಕುವ ಯಂತ್ರದ ಪಟ್ಟಿಯಲ್ಲಿ ಸೇರಿದ್ದೀ. ಈಗ ಹೊರಗೆ ಬರುದು ಸುಲಭ ಇಲ್ಲ" ಎಂದರು. ಆ ಅಕ್ಷರಗಳನ್ನೆಲ್ಲ ಕಿತ್ತು ಹಾಕಿ, ತಿದ್ದಿದ್ದೇವೆ, ಮತ್ತೆ ನೋಡಿ ಎಂದು ಆ ಯಂತ್ರದ ಕಂಪನಿಗೆ ಇಂಗ್ಲಿಷಿನಲ್ಲಿ ಮನವಿ ಬರೆದು ಕಳಿಸಿದರು. ಉತ್ತರ ಬರಲಿಲ್ಲ. ಮತ್ತೆ ಕಳಿಸಿದರು. ಮಳೆಗಾಲ ಮುಗಿಯಿತು. ಆ ಕಾಯುವಿಕೆಯಲ್ಲಿ ನಾನು ಹೊಲಿದ ಹೊಲಿಗೆಯೂ ಸೊಟ್ಟ ಹೋಗುತ್ತಿತ್ತು.

ಒಂದು ಬೆಳಿಗ್ಗೆ ದೇಲಂಪಾಡಿಯಿಂದ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಬೆರಳ ತುದಿಯಲ್ಲಿ ಒಂದು ಪಾದ ಊರಿ ನಡೆಯುತ್ತಿದ್ದಳು. ಇಲ್ಲಿಯ ವಿಷಯ ಯಾರು ಹೇಳಿದರು ಎಂದು ಕೇಳಿದೆ.

"ಯಾರೂ ಹೇಳ್ಲಿಲ್ಲ. 'ಒಂದು ಕಾಲು ಗಿಡ್ಡ, ಶೂ ಎಲ್ಲಿ ಸಿಕ್ತದೆ' ಅಂತ ಫೋನಿನಲ್ಲಿ ಹಾಕಿದೆ. ನಿಮ್ಮ ಸೈಟಿನಲ್ಲಿ ಅದೇ ಮಾತು ಬರೆದದ್ದು ಬಂತು. ನನ್ನ ಹಾಗೆ ಕೇಳುವವರು ಬೇರೆ ಯಾರೋ ಇದ್ದಾರೆ ಅಂತ ಸಮಾಧಾನ ಆಯ್ತು."

ಹುಡುಗಿಯ ಅಳತೆ ತೆಗೆದವನೇ, ಸೈಟ್ ಆ ಪಟ್ಟಿಯಿಂದ ಹೊರಗೆ ಬಂದಿದೆ ಎಂದು ಟೀಚರಿಗೆ ಹೇಳಲು ಬಸ್ ಹತ್ತಿ ಓಡಿದೆ. ಅವರು ನಗಲೂ ಇಲ್ಲ. "ಫೋನಿನಲ್ಲಿ ಪುಟ ತೆರೆಯಲಿಕ್ಕೆ ಎಷ್ಟು ಹೊತ್ತು ಹಿಡೀತಂತೆ? ಕೇಳಿದ್ಯಾ?" ಎಂದರು. ಕೇಳಿರಲಿಲ್ಲ. "ಎಂತ ಜನ ಮಾರಾಯ ನೀನು!"

ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಫೋನ್‌ಗಳು ಕಡಿಮೆಯಾದವು. ಸೈಟ್ ಮತ್ತೆ ಕೆಳಗಿಳಿದಿತ್ತು. ಗೊಣಗಿಕೊಂಡೇ ಮುಳ್ಳೇರಿಯಕ್ಕೆ ಹೋದರೆ ಕ್ಲಾಸಿಗೆ ಬೀಗ. ಕೆಳಗಿನ ಟೈಲರ್ ಹೊಲಿಗೆ ನಿಲ್ಲಿಸಿ, "ನಿಮಗೆ ಗೊತ್ತಾಗ್ಲಿಲ್ವಾ? ಮಂಗಳೂರು ಆಸ್ಪತ್ರೆಯಲ್ಲಿ ತೀರಿಹೋದರು. ಮಣ್ಣು ಮಾಡಿ ವಾರ ಆಯ್ತು" ಎಂದ.

ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ಕಾಯಿಸಿ, ಇಷ್ಟು ಬೈದು, ಹೇಳದೆ ಹೋಗುವುದೆಂದರೇನು? ಇನ್ನು ನಾನು ಯಾರನ್ನು ಕೇಳಲಿ? ಮೆಟ್ಟಿಲ ಮೇಲೆ ಕುಳಿತೆ. ಅಲ್ಲೇ ನನ್ನ ಹಳೆಯ ಫೋನಿನಲ್ಲಿ ಸೈಟ್ ತೆರೆದೆ. ತೆರೆಯುತ್ತಲೇ ಇತ್ತು, ತೆರೆಯಲಿಲ್ಲ. ಪುಟದಲ್ಲಿ ನಾನೇ ಸೇರಿಸಿದ ಭಾರದ ಫೋಟೋಗಳು; ಟೀಚರ್ ಅಂದು ಕೇಳಿದ್ದು ಇದನ್ನೇ. ಮನೆಗೆ ಬಂದು ಒಂದೊಂದನ್ನೇ ಸಣ್ಣದು ಮಾಡುತ್ತಾ ಹೋದಾಗ ಕಣ್ಣು ಮಂಜಾಯಿತು.

ಆ ಪುಟಗಳನ್ನು ಓದಿ ಜನ ಈಗಲೂ ನನ್ನ ಶೆಡ್ಡಿಗೆ ಬರುತ್ತಾರೆ. ತಮ್ಮ ಮನೆಯ ಮಾತು ಇವನಿಗೆ ಹೇಗೆ ಗೊತ್ತಾಯಿತೆಂದು ನನ್ನ ಮುಖ ನೋಡುತ್ತಾರೆ. ಅದು ನನ್ನದಲ್ಲ, ನಮ್ಮ ಟೀಚರದ್ದು ಎನ್ನುತ್ತೇನೆ. ಯಾವ ಶಾಲೆಯ ಟೀಚರ್ ಎಂದು ಕೇಳುತ್ತಾರೆ.