ಎರಡು ಡಿಸ್ಕು, ಒಂದು ಹಿಡಿ ಅರಳೆ

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೇ ಮೊದಲಿಗ. ಮೇಡ್ಲೇರಿಯಿಂದ ದಿನಾ ಬಸ್ಸಿಗೆ ಜೋತುಬಿದ್ದು ಬಂದು ಓದಿದ್ದಕ್ಕೆ, ತೊಂಬತ್ತರ ದಶಕದ ಕೊನೆಗೆ, ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಹತ್ತಿಯ ಯಾವ ಹೆಣ್ಣು ತಳಿಗೆ ಯಾವ ಗಂಡು ತಳಿ ಕೂಡಿಸಿದ್ದೇವೆ ಎಂಬ ದಾಖಲೆಯೆಲ್ಲ ಅದರೊಳಗಿತ್ತು. ಚೀಲದ ಮೇಲಿರುತ್ತಿದ್ದುದು ಬರೀ ನಂಬರು. ದಾಖಲೆ ಹೋದರೆ ಗೋದಾಮಿನ ತುಂಬ ಅಪ್ಪ-ಅವ್ವ ಗೊತ್ತಿಲ್ಲದ ಬೀಜ.

ಅದಕ್ಕೇ ಎರಡು ಡಿಸ್ಕು ಹಾಕಿ, ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಸುವುದೆಂದಾಯಿತು. ಬೀಜದವರಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ. ಚೀಲದ ಒಳಗೊಂದು ಚೀಟಿ, ಹೊರಗೊಂದು ಚೀಟಿ ಅವರ ಹಳೆಯ ಪದ್ಧತಿ. ತಕರಾರು ಇದ್ದದ್ದು ಬರೆಯುವವರು ಯಾರು ಎಂಬುದರಲ್ಲಿ. ಆಪರೇಟಿಂಗ್ ಸಿಸ್ಟಮ್ಮೇ ಎರಡೂ ಕಡೆ ಬರೆಯುತ್ತದೆ, ಬೇರೇನೂ ಬೇಡ ಎಂದು ನಾನು. ಅದಕ್ಕೆಂದೇ ಕಂಪ್ಯೂಟರಿನೊಳಗೆ ಕೂರಿಸುವ ಒಂದು ಕಾರ್ಡು ಬರುತ್ತದೆ ಎಂದು ಹುಬ್ಬಳ್ಳಿಯ ಎಂಜಿನಿಯರು. ಮಾಲಕರು ಇಬ್ಬರದೂ ಕೇಳಿ ನನ್ನ ಕಡೆ ತಿರುಗಿದರು. "ಎತ್ತು ತನ್ನ ಗಾಡಿ ತಾನ ಹೊಡಕೋತೈತೇನಪಾ?"

ಕಾರ್ಡು ಬಂತು. ಡಿಸ್ಕು ಕೆಟ್ಟರೆ ಅದು ಕೂಗುತ್ತದೆ ಎಂದು ಎಂಜಿನಿಯರು ಹೇಳಿ ಹೋದ. ನಾನು ಒಂದು ವಾರ ಮುಖ ಗಂಟು ಹಾಕಿಕೊಂಡು ಓಡಾಡಿದೆ. ಯಾರೂ ಗಮನಿಸಲಿಲ್ಲ.

ಆ ವರ್ಷ ಹೂವಿನ ಹೊತ್ತಿಗೆ, ಬೀಜದ ಪ್ಲಾಟುಗಳನ್ನು ನೋಡಿ ಬರೆದುಕೊಂಡು ಬರಲು ನನ್ನನ್ನು ಐದು ದಿನ ಕರ್ಜಗಿಗೆ ಕಳಿಸಿದರು. ತಿರುಗಿ ಬಂದಾಗ ಕಂಪ್ಯೂಟರಿನ ಬೆನ್ನಿನ ತೂತುಗಳಿಗೆಲ್ಲ ಅರಳೆ ತುರುಕಿತ್ತು, ಬಹಳ ಅಚ್ಚುಕಟ್ಟಾಗಿ. ಗೋದಾಮು ನೋಡಿಕೊಳ್ಳುವ ಚಾಚಾರ ಕೆಲಸ. ಮೂವತ್ತು ವರ್ಷ ಹತ್ತಿಬೀಜ ಆರಿಸಿದ ಕೈ ಅದು.

"ನೀ ಹೋದ ಮರುದಿನದಿಂದ ಜೀರುಂಡಿ ಹಂಗ ಒದರಾಕತ್ತಿತ್ತು, ತಮ್ಮಾ. ಬಾಯಿ ಮುಚ್ಚಿಸೇನಿ."

ಅರಳೆ ಕಿತ್ತೆ. ಕೂಗು ಹೊರಗೆ ಬಂತು. ಒಂದು ಡಿಸ್ಕು ಸತ್ತು ನಾಲ್ಕು ದಿನವಾಗಿತ್ತು. ಉಳಿದದ್ದು ಗಾಳಿಯಿಲ್ಲದೆ ರೊಟ್ಟಿಯ ಹಂಚಿನಂತೆ ಕಾದಿತ್ತು. ಮೂರು ವರ್ಷದ ದಾಖಲೆ ಈಗ ಅದೊಂದರ ಮೇಲೆ ನಿಂತಿತ್ತು. ಮಷೀನು ಬಂದ್ ಮಾಡಿ, ಹುಬ್ಬಳ್ಳಿಗೆ ಫೋನು ಹಚ್ಚಿ, ನನ್ನ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಚಾಚಾರ ಮುಂದೆ ಅಂದೆ.

"ನಿಂದಿದ್ರ ಹೆಂಗ ಒದರ್ತಿತ್ತು?"

"ಒದರೂದಿಲ್ಲ ಚಾಚಾ. ಒಳಗ ಬರದಿಡತೈತಿ."

"ಅದನ್ನ ಓದವ್ರು ಯಾರು?"

"ನಾನ."

"ನೀ ಎಲ್ಲಿದ್ದಿ?"

ಕರ್ಜಗಿಯಲ್ಲಿದ್ದೆ.

ಮರುದಿನ ಹೊಸ ಡಿಸ್ಕು ಬಂತು. ಉಳಿದ ಡಿಸ್ಕಿನಿಂದ ಹೊಸದಕ್ಕೆ ಎಲ್ಲ ಬರೆದು ಮುಗಿಯುವವರೆಗೆ ನಾನು ಊಟಕ್ಕೂ ಏಳಲಿಲ್ಲ. ಚಾಚಾ ಬೀಸಣಿಕೆ ಹಿಡಿದು ಅದರ ಬೆನ್ನಿಗೆ ಗಾಳಿ ಹಾಕುತ್ತ ಕೂತರು. ಫ್ಯಾನು ತಿರುಗುತ್ತಿದೆ ಎಂದರೂ ಕೇಳಲಿಲ್ಲ. ಸಂಜೆಗೆ ಕೂಗು ನಿಂತಿತು. ಒಂದು ಸಾಲೂ ಹೋಗಿರಲಿಲ್ಲ. ಕಡೆಗೆ ಯಾವುದು ಖರೇ ಎಂದು ಮಾಲಕರು ಕೇಳಿದಾಗ ಕಾರ್ಡೇ ಎಂದೆ. ಅರಳೆಯ ಮಾತು ಎತ್ತಲಿಲ್ಲ.

ಮುಂದಿನ ಸಲ ಕರ್ಜಗಿಗೆ ಹೊರಟಾಗ, ಒದರಿದರೆ ಫೋನು ಮಾಡಬೇಕೆಂದು ಚಾಚಾರಿಗೆ ಹೇಳಿದೆ. ಒದರದಿದ್ದರೆ ಏನು ಮಾಡಲಿ ಎಂದು ಕೇಳಿದರು. ಸ್ವಲ್ಪ ಯೋಚಿಸಿ, ಆಗಲೂ ಮಾಡ್ರಿ ಎಂದೆ.